ಕ್ಯಾಂಟೀನಕ್ಕನ ಆಲೂಗಡ್ಡೆ ಕವರು

ನೂಲಿನ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಅಡುಗೆ ಮಾಡುವ ಹೆಂಗಸನ್ನು ಎಲ್ಲರೂ ಕ್ಯಾಂಟೀನಕ್ಕ ಎನ್ನುತ್ತಿದ್ದರು. ಹಟ ಎಂದರೆ ಅವಳದ್ದೇ. ಅವಳ ಮನೆಯ ಹಸು ಹೊಟ್ಟೆಯುಬ್ಬರಿಸಿ ಸತ್ತಾಗ ಪಶುವೈದ್ಯರು ಒಳಗಿಂದ ಪ್ಲಾಸ್ಟಿಕ್ಕಿನ ದೊಡ್ಡ ಉಂಡೆಯನ್ನೇ ತೆಗೆದರು. ಅದರಲ್ಲಿ ಹಳದಿ ಕವರುಗಳೂ ಇದ್ದವು. ಅಕ್ಕ ದಿನಾ ಬನ್ನು ಕಟ್ಟಿಕೊಡುತ್ತಿದ್ದದ್ದು ಅಂಥವುಗಳಲ್ಲೇ. ಆಮೇಲೆ ಎಷ್ಟೋ ದಿನ ಅವಳಿಗೆ ಊಟ ಸೇರಲಿಲ್ಲ.

ಹಸು ತಿಂದರೂ ಸಾಯದಂಥ ಕವರು ಬೇಕು, ಅಷ್ಟೇ. ಅವರಿವರನ್ನು ಕೇಳಿ, ಫೋನಿನಲ್ಲಿ ನೋಡಿ ಕೈಹಾಕಿದಳು. ಆಲೂಗಡ್ಡೆ ತುರಿದು ತೊಳೆದರೆ ನೀರಿನ ತಳದಲ್ಲಿ ಬಿಳಿ ಪಿಷ್ಟ ಕೂರುತ್ತದೆ. ಮಿಕ್ಕ ಹಾಲಿಗೆ ವಿನೆಗರ್ ಹಾಕಿ ಒಡೆಸಿ ಹಿಂಡಿದರೆ ಪನೀರಿನಂಥ ಗಟ್ಟಿ ಸಿಗುತ್ತದೆ. ಎರಡನ್ನೂ ಚೂರು ಅಡುಗೆ ಸೋಡಾ, ಗ್ಲಿಸರಿನ್ ಜೊತೆ ಕಾಯಿಸಿ, ತಟ್ಟೆಗೆ ತೆಳ್ಳಗೆ ಸುರಿದು ಒಣಗಿಸಬೇಕು. ಪಿಷ್ಟ ಹೆಚ್ಚಾದಾಗ ಹಾಳೆ ನೀರು ತಾಗಿದ್ದೇ ಕರಗಿತು. ಹಾಲಿನ ಗಟ್ಟಿ ಹೆಚ್ಚಾದಾಗ ಮಡಿಸಿದ್ದೇ ಪುಡಿಯಾಯಿತು. "ಮನೆಯೆಲ್ಲಾ ಹುಳಿ ವಾಸನೆ, ಮಹಾತಾಯಿ!" ಎಂದು ಗಂಡ ಮೂಗು ಮುಚ್ಚಿಕೊಂಡ. ತಟ್ಟೆ ತೊಳೆದುಕೊಟ್ಟವನೂ ಅವನೇ. ಅಂತೂ ಒಂದು ಹಾಳೆ ಮಡಿಸಿದರೂ ಮುರಿಯಲಿಲ್ಲ.

ಕಾರ್ಖಾನೆಯ ಮ್ಯಾನೇಜರು, "ಒಂದಿನ ನೋಡೋಣಮ್ಮಾ. ಸರಿಹೋಗ್ಲಿಲ್ಲ ಅಂದ್ರೆ ಹಳೇ ಕವರೇ," ಎಂದರು.

ಆ ದಿನಕ್ಕಾಗಿ ಅಕ್ಕ ಕ್ಯಾಂಟೀನಿನ ದೊಡ್ಡ ಪಾತ್ರೆಯಲ್ಲೇ ಕಾಯಿಸಿದಳು. ಎಡವಟ್ಟಾದದ್ದು ಅಲ್ಲಿ. ದೊಡ್ಡ ಪಾತ್ರೆ ಕುದಿಯುವುದನ್ನು ಕಂಡದ್ದೇ ಅವಳ ಕೈ ತಾನಾಗಿ ಉಪ್ಪಿನ ಡಬ್ಬಿಗೆ ಹೋಯಿತು. ಅಷ್ಟು ವರ್ಷ ಅಡುಗೆ ಮಾಡಿದ ಕೈ, ಯಾರ ಮಾತು ಕೇಳೀತು? ಉಪ್ಪು ಗಾಳಿಯ ತೇವವನ್ನೆಲ್ಲ ಎಳೆದುಕೊಂಡು, ಬನ್ನು ಹಂಚುವ ಹೊತ್ತಿಗೆ ಕವರುಗಳು ಒಂದಕ್ಕೊಂದು ಅಂಟಿ ಮುದ್ದೆಯಾಗಿದ್ದವು.

"ಅಕ್ಕಾ, ಬನ್ನು ತಿನ್ಲೋ, ಕವರು ತಿನ್ಲೋ?" ಎಂದು ಕಾರ್ಮಿಕರು ನಕ್ಕರು. ಮ್ಯಾನೇಜರು ಹಳದಿ ಕವರಿನ ಕಟ್ಟು ಬಿಚ್ಚಿಸಿದರು.

ಅಕ್ಕ ಆ ಮುದ್ದೆಯನ್ನು ಮನೆಗೆ ತಂದು, ಕೊಟ್ಟಿಗೆಯ ಮುಂದೆ ಬಿಸಾಕಿ ಮುಖ ತೊಳೆಯಲು ಹೋದಳು. ಅಷ್ಟರಲ್ಲಿ ಗಂಡ ಕಿರುಚಿದ: "ಅಯ್ಯೋ, ಕರು ಕವರು ತಿಂತಿದೆ, ಬಾರೇ!"

ಸತ್ತ ಹಸುವಿನ ಕರು ಅದು. ಉಪ್ಪಿನ ರುಚಿ ಹತ್ತಿ ನೆಕ್ಕಿ ನೆಕ್ಕಿ ಜಗಿಯುತ್ತಿತ್ತು. ಅಕ್ಕ ಎದ್ದುಬಿದ್ದು ಓಡಿಬಂದು ಅದರ ಬಾಯಿಗೆ ಕೈ ಹಾಕಿದವಳು ಹಾಗೇ ನಿಂತುಬಿಟ್ಟಳು. ಆಲೂಗಡ್ಡೆ, ಹಾಲು, ಮೇಲೊಂದಿಷ್ಟು ಉಪ್ಪು. ಸಾಯುವಂಥದ್ದು ಇದರಲ್ಲೇನಿದೆ?

"ತಿನ್ಲಿ ಬಿಡ್ರಿ," ಎಂದು ಕೈ ತೆಗೆದಳು. ಕರುವಿನ ಕೊರಳು ತಬ್ಬಿಕೊಂಡು, ಹಸು ಸತ್ತ ದಿನ ಬಾರದ ಅಳುವನ್ನೆಲ್ಲ ಅತ್ತಳು.