ಮುಟ್ಟದೆ ಅಳೆದ ಕೊಬ್ಬು

ಯಲ್ಲವ್ವ, ನಿನ್ನ ಹಂದಿಯನ್ನು ನಾನು ಮುಟ್ಟಿಯೇ ಇರಲಿಲ್ಲ. ಅದರ ಬೆನ್ನಿನ ಕೊಬ್ಬು ಎರಡು ಬೆರಳು ದಪ್ಪ ಎಂದದ್ದು ಸುಳ್ಳು — ದೂರ ನಿಂತು, ಕಣ್ಣಂದಾಜಿನಲ್ಲಿ ಹೇಳಿದ್ದು.

ಆಗ ನನ್ನ ಕೆಲಸವೇ ಅದಾಗಿತ್ತು. ಹಂದಿಯ ಕೊಬ್ಬನ್ನು ಯಾವ ವಂಶವಾಹಿ ಹೆಚ್ಚಿಸುತ್ತದೆ, ಯಾವುದು ತಗ್ಗಿಸುತ್ತದೆ ಎಂದು ಹುಡುಕುವ ಯೋಜನೆ. ಪ್ರತಿ ಹಂದಿಯ ಕೂದಲನ್ನು ಬೇರುಸಹಿತ ಕಿತ್ತು ಪ್ರಯೋಗಾಲಯಕ್ಕೆ ಕಳಿಸಬೇಕು, ಬೆನ್ನಿಗೆ ಸ್ಕ್ಯಾನಿಂಗ್ ಯಂತ್ರ ಒತ್ತಿ ಕೊಬ್ಬಿನ ದಪ್ಪ ಅಳೆಯಬೇಕು. ಎರಡನ್ನೂ ತಾಳೆ ನೋಡಿದರೆ ಮಾತ್ರ ಆ ಹುಡುಕಾಟಕ್ಕೆ ಅರ್ಥ. ನಾನೋ ಶಿರೂರಿನ ಕುರಿ ಸಾಕುವ ಮನೆಯವನು, ಬೀರಪ್ಪ ದೇವರ ಒಕ್ಕಲು; ಹಂದಿ ಮುಟ್ಟಿದರೆ ಮೈಲಿಗೆ ಎನ್ನುವವರು. ಮನೆಯಲ್ಲಿ ‘ಕುರಿ ಸಂಶೋಧನೆ’ ಎಂದೇ ಹೇಳಿಕೊಂಡಿದ್ದೆ.

ಇಳಕಲ್ಲಿನ ನಿನ್ನ ದೊಡ್ಡಿಗೆ ಬಂದ ದಿನ ಸಂಜೆ ಬೀರಪ್ಪನ ಪಲ್ಲಕ್ಕಿಗೆ ಹೆಗಲು ಕೊಡುವ ಸರದಿ ನನ್ನದಿತ್ತು. ಹಂದಿ ಮುಟ್ಟಿದ ಕೈಯಿಂದ ಪಲ್ಲಕ್ಕಿ — ಸ್ನಾನ ಮಾಡಿದರೆ ಮುಗಿಯಿತು ಎಂದು ಓದಿದ ತಲೆ ಹೇಳುತ್ತಿತ್ತು, ಕೈ ಮಾತ್ರ ಮುಂದೆ ಹೋಗಲಿಲ್ಲ. ಕೂದಲನ್ನು ನೀನೇ ಕಿತ್ತುಕೊಟ್ಟೆ. ಆಮೇಲೆ ನನಗೆ ಚಹಾ ತರಲು ಒಳಗೆ ಹೋದೆ. ನೀನು ಬರುವಷ್ಟರಲ್ಲಿ, ಅಳತೆ ಮುಗಿಸಿದವನ ಹಾಗೆ ಯಂತ್ರವನ್ನು ಪೆಟ್ಟಿಗೆಗೆ ಹಾಕುತ್ತಿದ್ದೆ. ನಿನ್ನ ಚಹಾವನ್ನೂ ಕುಡಿದೆ.

ಅಷ್ಟಕ್ಕೇ ಬಾಯಿ ಮುಚ್ಚಬಹುದಿತ್ತು. ಸುಳ್ಳಿಗೊಂದು ಸಲಹೆಯನ್ನೂ ಅಂಟಿಸಿದೆ.

"ಇದು ಕೊಬ್ಬಿನ ತಳಿ ಐತಿ ಯವ್ವಾ, ಮರಿ ಮಾಡಿಸಾಕ ಬ್ಯಾಡ. ಬೀಜ ತಗಸಿಬಿಡು."

ನಿನ್ನ ಬಾದಾಮಿಯ ತವರಿನಿಂದ ಮದುವೆಯಲ್ಲಿ ಬಂದ ಹೆಣ್ಣು ಹಂದಿಯ ಸಂತತಿ ಅದು. ಉಳಿದವೆಲ್ಲ ರೋಗಕ್ಕೆ ಹೋಗಿ, ಈ ಗಂಡೊಂದೇ ಉಳಿದಿತ್ತು. ಇದನ್ನೆಲ್ಲ ನೀನು ಹೇಳಿದ್ದೆ. ಗೊತ್ತಿದ್ದೂ ನಾನು ಆ ಸಲಹೆ ಕೊಟ್ಟೆ. ನನ್ನ ಮಾತು ನಂಬಿ ನೀನು ಬೀಜ ತೆಗೆಸಿದೆ.

ಮರುವರ್ಷ ನಾನು ಬಂದಾಗ ನೀನು ಅದನ್ನು ಕೊಯ್ದಿದ್ದೆ. ಕರೆದು ತೋರಿಸಿದೆ. ಬೆನ್ನ ಮೇಲೆ ಒಂದು ಬೆರಳು ಕೊಬ್ಬೂ ಇರಲಿಲ್ಲ. ಬೀಜ ತೆಗೆದ ಹಂದಿಗೆ ಕೊಬ್ಬು ಏರುತ್ತದೆ. ಇದಕ್ಕೆ ಆಗಲೂ ಏರಿರಲಿಲ್ಲ. ಹುನಗುಂದ, ಬಾದಾಮಿ ಎಂದು ನಾವು ಅಲೆದು ಹುಡುಕುತ್ತಿದ್ದದ್ದು ಇಂಥದೇ ಕೊಬ್ಬೇರದ ಗಂಡನ್ನು.

"ನೀವು ಯಂತ್ರ ಇಟ್ಟ ನೋಡೀರಲ್ರಿ, ಸಾಹೇಬ್ರ?"

"ಹೂಂ, ನೋಡೀನಿ."

"ಹಂಗಾರ ನಂದ ತಪ್ಪು. ಮೇವು ಕಮ್ಮಿ ಹಾಕೀನಿ. ಸೊರಗೇತಿ, ಪಾಪ."

ನೀನು ಸೆರಗಿನಿಂದ ಕಣ್ಣೊರೆಸಿಕೊಂಡೆ. ನಾನು ಆಗಲಾದರೂ — ಇಲ್ಲ, ಹೇಳಲಿಲ್ಲ. ನಿನ್ನ ತಪ್ಪೆಂದೇ ಇರಲಿ ಎಂದು ಬಿಟ್ಟುಬಂದೆ. ಅದಕ್ಕೆ ಇವತ್ತಿಗೂ ನಾಚಿಕೆಯಾಗುತ್ತದೆ.

ದಾಖಲೆಗೆ ಸೇರಿಸಿದ್ದ ಆ ಸುಳ್ಳು ಅಳತೆಯನ್ನು ತೆಗೆದುಹಾಕಿ ಎಂದು ಯೋಜನೆಯ ಹಿರಿಯರಿಗೆ ಈಗ ತಿಳಿಸಿದ್ದೇನೆ. ಅದು ಸುಲಭವಿತ್ತು. ನಿನ್ನ ಎದುರು ನಿಂತು ಹೇಳುವುದು ಉಳಿದಿದೆ. ನಾಳೆ ಇಳಕಲ್ಲಿಗೆ ಬರುತ್ತೇನೆ. ನೀನು ಬೈದರೆ ಬೈಸಿಕೊಳ್ಳುತ್ತೇನೆ. ಅದಕ್ಕೂ ಮೊದಲು ಹೇಳಬೇಕಾದದ್ದು ಒಂದಿದೆ — ನೀನು ಮೇವು ಕಡಿಮೆ ಹಾಕಿರಲಿಲ್ಲ, ಯಲ್ಲವ್ವ. ನಿನ್ನ ಹಂದಿ ಹೊಟ್ಟೆ ತುಂಬ ತಿಂದಿತ್ತು.