ರ‍್ಯಾಮ್ ಸೆಟ್ಟಾಗುವ ತನಕ

ಚೆಟ್ಟಳ್ಳಿಯ ಒಂದು ಕಾಫಿ ತೋಟದಲ್ಲಿ ನಾನು ರೈಟರ್. ಕಥೆ ಕವಿತೆ ಬರೆಯುವ ರೈಟರ್ ಅಲ್ಲ, ಕೆಲಸದವರ ಹಾಜರಿ ಬರೆಯುವ ರೈಟರ್. ಆಫೀಸಿನ ಕಿಟಕಿಯಾಚೆಯೇ ಕಾಫಿ ಒಣಗಿಸುವ ಕಣ. ಪಿಕ್ಕಿಂಗ್ ಶುರುವಾಯಿತೆಂದರೆ ಮೂಗಿಗೆ, ಟಿಫಿನ್ ಡಬ್ಬಿಗೆ, ಕಂಪ್ಯೂಟರಿಗೆ, ಎಲ್ಲಕ್ಕೂ ಅದರದೇ ಧೂಳು.

ಹೋದ ವರ್ಷ ಬೆಳಿಗ್ಗೆ ಚುರುಕಾಗಿರುತ್ತಿದ್ದ ಕಂಪ್ಯೂಟರ್ ಅರ್ಧ ಗಂಟೆಯಲ್ಲೇ ಮಂಕಾಗತೊಡಗಿತು. ಫ್ಯಾನ್ ಗೊರಗೊರ ಎನ್ನುತ್ತಿತ್ತು, ಡಬ್ಬ ದೋಸೆ ಹಂಚಿನಂತೆ ಕಾಯುತ್ತಿತ್ತು. "ಸರ್, ಒಳಗೆ ಧೂಳು ಕೂತಿದೆ, ಕ್ಲೀನ್ ಮಾಡಿಸ್ಬೇಕು" ಎಂದು ಮಾಲೀಕರಿಗೆ ಹೇಳಿದೆ. ಒಂದಲ್ಲ, ಮೂರು ಸಲ. ಅವರಿಗೆ ಕಾಣಿಸಿದ್ದು ಹಾಜರಿ ಪಟ್ಟಿ ತಡವಾಗುತ್ತಿರುವುದು ಮಾತ್ರ. "ಮುಂದಿನ ತಿಂಗ್ಳಿಂದ ಬೇರೆ ಯಾರನ್ನಾದ್ರೂ ನೋಡ್ತೀನಮ್ಮ" ಎಂದುಬಿಟ್ಟರು. ಹನ್ನೊಂದು ವರ್ಷದ ಕೆಲಸ. ಆ ದಿನ ಕುಶಾಲನಗರದ ಬಸ್ಸಿನಲ್ಲಿ ಕಿಟಕಿ ಕಡೆ ಮುಖ ಮಾಡಿ ಅತ್ತೆ.

ಅಷ್ಟರಲ್ಲಿ ಮಾಲೀಕರ ಅಳಿಯ ಬಂದರು. ಕಂಪ್ಯೂಟರ್ ವಿಷಯದಲ್ಲಿ ಅವರು ಮಹಾ ಪಂಡಿತರು, ಯಾಕೆಂದರೆ ಅವರೇ ಹಾಗೆ ಹೇಳಿಕೊಳ್ಳುತ್ತಿದ್ದರು. ವೇಗ ಅಳೆಯುವ ಅದೇನೋ ಟೆಸ್ಟ್ ಓಡಿಸಿ, "ಸ್ಕೋರ್ ನಾನೂರ ಹನ್ನೆರಡು ಮಾವ" ಎಂದರು.

"ಎಷ್ಟಕ್ಕೆ?"

"ಇದಕ್ಕೆ ಇಷ್ಟಕ್ಕೇ ಅಂತ ಇಲ್ಲ."

ಮಾವನಿಗೆ ಏನೂ ಅರ್ಥವಾಗಲಿಲ್ಲ, ಆದ್ದರಿಂದ ಪೂರ್ತಿ ನಂಬಿದರು. ಮೆಮೊರಿ ಸಾಲದು ಎಂಬ ಅಳಿಯನ ತೀರ್ಪಿನಂತೆ ಮಡಿಕೇರಿಯಿಂದ ಹೊಸ ರ‍್ಯಾಮ್ ಬಂತು. ಕಂಪ್ಯೂಟರಿನ ಡಬ್ಬ ಬಿಚ್ಚಿದಾಗ ಒಂದು ಬೊಗಸೆ ಧೂಳು ಮೇಜಿನ ಮೇಲೆ ಸುರಿಯಿತು. ಅಳಿಯ ಅದನ್ನು ಪಕ್ಕಕ್ಕೆ ಸರಿಸಿ, ಉಳಿದ ಧೂಳಿನ ನಡುವೆಯೇ ರ‍್ಯಾಮ್ ಸಿಕ್ಕಿಸಿ ಮುಚ್ಚಿದರು. ಸ್ಕೋರ್ ನಾನೂರ ಹದಿನೈದು. ಮೂರು ಏರಿತಲ್ಲ ಎಂದು ಇಬ್ಬರೂ ಖುಷಿಯಾಗಿ ಕಾಫಿ ಕುಡಿದರು.

ಮರುದಿನ ಅವರು ಬರುವ ಮೊದಲೇ ನಾನು ಸ್ಕ್ರೂ ಬಿಚ್ಚಿ, ಬ್ರಶ್ಶಿನಿಂದ ಗುಡಿಸಿ, ಜೀಪಿನ ಟೈರಿಗೆ ಗಾಳಿ ಹೊಡೆಯುವ ಪಂಪಿನಿಂದ ಮೂಲೆಮೂಲೆಗೂ ಗಾಳಿ ಬಿಟ್ಟೆ. ಫ್ಯಾನಿನ ಸದ್ದು ಅಡಗಿತು. ಸಂಜೆಯವರೆಗೂ ಕಂಪ್ಯೂಟರ್ ಮಂಕಾಗಲಿಲ್ಲ. "ಇನ್ನೊಂದ್ಸಲ ಟೆಸ್ಟ್ ಮಾಡಿ ಸರ್" ಎಂದು ಅಳಿಯನಿಗೆ ಹೇಳಿದೆ.

ಒಂಬೈನೂರ ಅರವತ್ತು!

"ರ‍್ಯಾಮ್ ಸೆಟ್ಟಾಗೋಕೆ ಒಂದಿನ ಬೇಕು ಮಾವ" ಎಂದರು ಅಳಿಯ, ಚೂರೂ ನಾಚದೆ.

"ನಾನು ಧೂಳು ತೆಗ್ದಿದ್ದಕ್ಕೆ ಸರ್. ಮೊದ್ಲೇ ಹೇಳಿದ್ನಲ್ಲ?"

"ಹೇಳಿದ್ರಿ. ಸ್ಕೋರ್ ಹೇಳಿರ್ಲಿಲ್ವಲ್ಲ" ಎಂದ ಮಾಲೀಕರು ಅಳಿಯನ ಬೆನ್ನು ತಟ್ಟಿ ನನ್ನ ಕಡೆ ತಿರುಗಿದರು. "ಆಯ್ತಮ್ಮ, ನೀವೇ ಇರಿ. ಕಂಪ್ಯೂಟರ್ ಅಂತೂ ಸರಿಯಾಯ್ತು. ಇನ್ಮೇಲೆ ಲೇಟಾದ್ರೆ ನಿಮ್ದೇ ತಪ್ಪು."

ಮೈಯೆಲ್ಲ ಉರಿಯಿತು. "ಸರಿ ಸರ್" ಎಂದು ಹಾಜರಿ ಪಟ್ಟಿ ತೆರೆದೆ.