ಓವರ್‌ಸಿಯರಪ್ಪನ ಗಾಳದ ರೀಲುಗಳು

ಇವತ್ತು ಬೆಳಗ್ಗೆ ಬಡಗಿ ಬಂದು ನಮ್ಮ ಹಳೆಯ ಮಂಚದ ಕಾಲುಗಳಿಗೆ ಅಗಸೆ ಎಣ್ಣೆ ಹಚ್ಚಿ ಹೋದ. ಮಧ್ಯಾಹ್ನದ ಬಿಸಿಲಿಗೆ ಅದರ ವಾಸನೆ ಮನೆಯೆಲ್ಲ ತುಂಬಿಕೊಂಡಿತು. ಸೊಸೆ ಮೂಗು ಮುಚ್ಚಿಕೊಂಡು ಕಿಟಕಿ ತೆರೆಯಲು ಹೋದಳು. 'ಇರಲಿ ಬಿಡಮ್ಮ' ಎಂದು ನಾನು ಅಲ್ಲೇ ಕೂತೆ. ಅಷ್ಟರಲ್ಲಾಗಲೇ ನಾನು ಮಧುಗಿರಿಗೆ ಹೋಗಿಯಾಗಿತ್ತು... ಕೋಟೆಬೆಟ್ಟದ ಬುಡದ ಆ ಓಣಿ, ಓವರ್‌ಸಿಯರಪ್ಪನ ಮನೆಯ ಜಗಲಿ, ಜಗಲಿಯ ಮೇಲೆ ಹಾಸಿದ ಹಳೇ ಪಂಚೆ, ಪಂಚೆಯ ಮೇಲೆ ಎರಡು ಗಾಳದ ರೀಲು.

ಅದು ಎರಡನೇ ಮಹಾಯುದ್ಧದ ಕಾಲ. ನಾನು ಡ್ರಾಯಿಂಗ್ ಮೇಷ್ಟ್ರಾಗಿ ಆ ಊರಿಗೆ ಹೋದ ಹೊಸತು. ಅವರ ಮನೆಯ ಹೊರಕೋಣೆಯನ್ನು ಬಾಡಿಗೆಗೆ ಹಿಡಿದಿದ್ದೆ. ಕೆರೆಯ ಏರಿ, ತೂಬು, ಕೋಡಿ ಎಂದು ಮಹಾರಾಜರ ಸರ್ಕಾರದಲ್ಲಿ ಆಯುಷ್ಯವೆಲ್ಲ ದುಡಿದು ಪಿಂಚಣಿ ಪಡೆದಿದ್ದ ಅವರನ್ನು ಓಣಿಗೆ ಓಣಿಯೇ ಓವರ್‌ಸಿಯರಪ್ಪ ಎಂದು ಕರೆಯುತ್ತಿತ್ತು. ಹಾಗಾಗಿ ಅವರ ಹೆಂಡತಿ ಓವರ್‌ಸಿಯರಮ್ಮ. ನನಗೂ ಅದೇ ರೂಢಿಯಾಯಿತು.

ಊರಿನವರು ಬಿದಿರು ಕೋಲಿಗೆ ದಾರ ಕಟ್ಟಿ ಮೀನು ಹಿಡಿಯುತ್ತಿದ್ದರೆ ಓವರ್‌ಸಿಯರಪ್ಪನದು ದೊರೆಗಳ ಪದ್ಧತಿ. ಹಿಂದೆ ಅವರ ಮೇಲಿದ್ದ ಇಂಗ್ಲಿಷ್ ಇಂಜಿನಿಯರ್ ಸೀಮೆಗೆ ಹೊರಟಾಗ ತನ್ನ ಎರಡು ರೀಲುಗಳನ್ನು ಇವರ ಕೈಲಿಟ್ಟು ಹೋಗಿದ್ದನಂತೆ. ಗಾಳದ ಕೋಲಿನ ಬುಡಕ್ಕೆ ಸಿಕ್ಕಿಸಿ, ಹಿಡಿ ತಿರುಗಿಸಿದರೆ ದಾರ ಸುತ್ತಿಕೊಳ್ಳುವ ಹಿತ್ತಾಳೆಯ ರಾಟೆಗಳು ಅವು. ಹಿತ್ತಾಳೆ ಕಾಣದಂತೆ ಮೇಲೆ ಕಪ್ಪು ಬಣ್ಣ. ಕೈ ತಾಗಿ ತಾಗಿ ಅಂಚು ಸವೆದು ಅಲ್ಲಲ್ಲಿ ಹಳದಿ ಇಣುಕುತ್ತಿತ್ತು. ಭಾನುವಾರ ಬಂತೆಂದರೆ ಅವರು ಕೆರೆ ಏರಿಯ ಮೇಲೆ. ಸಂಜೆ ಒಂದೋ ಎರಡೋ ಕೊರವ ಮೀನು ತಂದು ಬಚ್ಚಲ ಕಲ್ಲಿನ ಮೇಲೆ ಇಟ್ಟರೆ, 'ಸೀಮೆ ರಾಟೆಗೆ ಇಷ್ಟೇಯಾ?' ಎಂದು ಓವರ್‌ಸಿಯರಮ್ಮ ಕುಟುಕದೆ ಬಿಡುತ್ತಿರಲಿಲ್ಲ.

ಆ ರೀಲುಗಳನ್ನು ಅವರು ಬೇರೆಯವರಿಗೆ ಮುಟ್ಟಗೊಡುತ್ತಿರಲಿಲ್ಲ. ಮನೆಯ ನೆಮ್ಮದಿ ಕೆಟ್ಟದ್ದೂ ಅದರಿಂದಲೇ. ಇದ್ದೊಬ್ಬ ಮಗಳನ್ನು ಪಾವಗಡದ ಕಡೆಗೆ, ತೆಲುಗು ಬೆರೆಸಿ ಆಡುವ ಮನೆಗೆ ಕೊಟ್ಟಿದ್ದರು. ಯುಗಾದಿಗೆ ಹೆಂಡತಿಯನ್ನು ಕರೆದುಕೊಂಡು ಬಂದ ಅಳಿಯ, ಮೊಳೆಗೆ ತೂಗುಹಾಕಿದ್ದ ರೀಲನ್ನು ಇಳಿಸಿ ಹಿಡಿಯನ್ನು ಗಿರ್ರನೆ ತಿರುಗಿಸಿದ. ಓವರ್‌ಸಿಯರಪ್ಪ ಅದನ್ನು ಅವನ ಕೈಯಿಂದ ಕಿತ್ತುಕೊಂಡು, 'ಇದೇನು ಹುಡುಗ್ರು ಆಡೋ ಬುಗುರಿ ಅಂದ್ಕೊಂಡ್ರಾ?' ಎಂದುಬಿಟ್ಟರು. ಜಗಲಿಯ ತುಂಬ ನೆಂಟರಿದ್ದರು. ಯಾರೋ ಕಿಸಕ್ಕೆಂದರು. ಅಳಿಯ ಹೋಳಿಗೆಯ ಎಲೆಯ ಮುಂದೆ ಕೂರದೆ ಪಂಚೆ ಕೊಡವಿ ಎದ್ದು ಹೋದ. ಹೆಂಡತಿಯನ್ನು ಕರೆಯಲಿಲ್ಲ. ಆಮೇಲೆ ಕರೆಯಲು ಬರಲೂ ಇಲ್ಲ, ಹೇಳಿ ಕಳಿಸಲೂ ಇಲ್ಲ.

ಆ ಹುಡುಗಿ ಬಾವಿಗೆ ಹೋಗುವ ಹೊತ್ತನ್ನೇ ಬದಲಾಯಿಸಿಕೊಂಡಿದ್ದಳು. ನೀರಿಗೆ ಬಂದವರೆಲ್ಲ 'ಯಾವಾಗವ್ವ ಊರಿಗೆ?' ಎಂದು ಕೇಳುತ್ತಿದ್ದರಲ್ಲ...

ದೀಪಾವಳಿ ಹತ್ತಿರ ಬಂದಾಗ ಓವರ್‌ಸಿಯರಪ್ಪ ನನ್ನ ಕೋಣೆಯ ಬಾಗಿಲಿಗೆ ಬಂದು ನಿಂತರು. ಎರಡು ರೀಲೂ ಕೈಯಲ್ಲಿದ್ದವು.

'ಮೇಷ್ಟ್ರೆ, ಅಳಿಯಂಗೆ ಹೇಳಿ ಕಳ್ಸಿವ್ನಿ. ಬತ್ತೀನಿ ಅಂದವ್ನಂತೆ. ಒಂದನ್ನ ಅವನಿಗೇ ಕೊಟ್ಬುಡನಾ ಅಂತ. ಆದ್ರೆ ಸವೆದಿದ್ದು ಕೊಟ್ರೆ ಹಳೇದು ಕೈಗೆ ತುರುಕ್ದ ಅಂತಾನೆ. ಬಣ್ಣದ ಕೆಲಸ ನೀವು ಬಲ್ಲಿರಿ.'

ಯುದ್ಧದಿಂದಾಗಿ ಅಂಗಡಿಗಳಲ್ಲಿ ಒಳ್ಳೆಯ ಬಣ್ಣ ಸಿಗುತ್ತಿರಲಿಲ್ಲ. ದೀಪದ ಮಸಿ ಹಿಡಿದು, ಕಾಯಿಸಿದ ಅಗಸೆ ಎಣ್ಣೆಗೆ ಅರೆದು, ಚೂರು ರಾಳ ಸೇರಿಸಿ ನಾನೇ ಕಪ್ಪು ಮಾಡಿಕೊಟ್ಟೆ. ಬಳಿದವರು ಮಾತ್ರ ಅವರೇ. ಜಿಡ್ಡು ಹೋಗುವಂತೆ ಅಂಟುವಾಳದ ನೀರಲ್ಲಿ ತೊಳೆದು, ಸವೆದ ಜಾಗದ ಸುತ್ತ ಉಜ್ಜುಕಾಗದ ಆಡಿಸಿ, ಅಳಿಲಿನ ಬಾಲದ ಕುಂಚದ ತುದಿಯಿಂದ ಹಳೆಯದಕ್ಕೂ ಹೊಸದಕ್ಕೂ ಗೆರೆ ಕಾಣದ ಹಾಗೆ ತುಂಬುತ್ತ ಹೋದರು. ಉಸಿರು ಬಿಗಿಹಿಡಿದು ಕೂರುತ್ತಿದ್ದರು. ಇಷ್ಟೆಲ್ಲ ಕಪ್ಪು ಏಕೆಂದು ಕೇಳಿದೆ.

'ಹಿತ್ತಾಳೆ ಬಿಸಿಲಿಗೆ ಮಿಂಚಿದ್ರೆ ಮೀನು ತಳ ಹಿಡೀತದೆ ಮೇಷ್ಟ್ರೆ. ಇಡೀ ದಿವ್ಸ ಏರಿ ಮೇಲೆ ಒಣಗ್ಬೇಕು, ಅಷ್ಟೆ.'

ಬಣ್ಣ ಒಣಗಲೆಂದು ಎರಡನ್ನೂ ಹಿತ್ತಲ ಚಪ್ಪರದಡಿ ಇಟ್ಟು ಮೇಲೆ ಬುಟ್ಟಿ ಕವುಚಿದರು. ಅಗಸೆ ಎಣ್ಣೆಯ ಬಣ್ಣ ಆತುರದ್ದಲ್ಲ. ಮೇಲೆ ಒಣಗಿದಂತೆ ಕಂಡರೂ ಒಳಗೆ ಮೆತ್ತಗೇ ಇರುತ್ತದೆ.

ನೀರು ತುಂಬುವ ಹಬ್ಬದ ದಿನ ನಾನು ಸ್ಕೂಲಿನಿಂದ ಬಂದಾಗ ಹಿತ್ತಲಲ್ಲಿ ಹಂಡೆ, ಕೊಳಗ, ಚೊಂಬು, ತಟ್ಟೆಗಳೆಲ್ಲ ಬೆಳಗಿ ಸಾಲಾಗಿ ಬೋರಲು ಬಿದ್ದಿದ್ದವು. ಆ ಸಾಲಿನ ಕೊನೆಯಲ್ಲಿ ಬಂಗಾರದ ಎರಡು ಗಡಿಗೆ ಮುಚ್ಚಳದಂತೆ ಹೊಳೆಯುತ್ತಿದ್ದುದು ಏನೆಂದು ಬಗ್ಗಿ ನೋಡಿದೆ. ಅವೇ ರೀಲುಗಳು! ಓವರ್‌ಸಿಯರಮ್ಮ ಅವನ್ನು ಚೌಳುಮಣ್ಣಿನ ನೀರಲ್ಲಿ ಕುದಿಸಿ, ಹುಣಸೆಹಣ್ಣು ಇಟ್ಟಿಗೆ ಪುಡಿ ಹಾಕಿ ತೆಂಗಿನ ನಾರಿನಲ್ಲಿ ಉಜ್ಜಿಬಿಟ್ಟಿದ್ದರು. ಹೊಸ ಬಣ್ಣದ ಜೊತೆ ದೊರೆ ಕಾಲದ ಬಣ್ಣವೂ ಹೋಗಿತ್ತು.

'ಅಮ್ಮ, ಇದೇನು ಮಾಡಿಬಿಟ್ಟಿರಿ?'

'ಇನ್ನೇನ್ ಮಾಡ್ಲಿ ಮೇಷ್ಟ್ರೆ? ಹಬ್ಬದ ದಿವ್ಸ ಮನೆ ಅಳಿಯಂಗೆ ಕರೀದು ಕೊಟ್ಟಾರಾ ಯಾರಾದ್ರೂ? ನಿಮ್ ಓವರ್‌ಸಿಯರಪ್ಪಂಗೆ ಮೀನಿಂದೇ ಚಿಂತೆ. ನಂಗೆ ನನ್ ಮಗಳ ಬಾಳಿಂದು.' ಕೈಯಲ್ಲಿ ಇನ್ನೂ ಹುಣಸೆಹಣ್ಣು ಮೆತ್ತಿಕೊಂಡಿತ್ತು. 'ಅವರಿಗೆ ಹೇಳ್ಬೇಡಿ, ಆಣೆ ಐತೆ.'

ನಾನು ಹೇಳಲಿಲ್ಲ. ಹೇಳಿದ್ದರೂ ಆಗುವಂಥದ್ದೇನೂ ಉಳಿದಿರಲಿಲ್ಲ.

ಇಳಿಹೊತ್ತಿಗೆ, ಪೆಟ್ರೋಲ್ ಸಿಗದೆ ಇದ್ದಿಲು ಉರಿಸಿ ಓಡಿಸುತ್ತಿದ್ದ ಬಸ್ಸಿನಲ್ಲಿ ಅಳಿಯ ಬಂದಿಳಿದ. ಮುಖದ ತುಂಬ ಮಸಿ, ಮೂಗಿನ ತುದಿಯಲ್ಲಿ ಸಿಟ್ಟು. ಮಾವನ ಜೊತೆ ಮಾತಿಲ್ಲ. ನಡುವೆ ಸಿಕ್ಕಿದವನು ನಾನು.

'ಮೇಷ್ಟ್ರೆ, ನಾಳೆ ಉಂಡು ಬಸ್ಸಿಗೆ ಹೊರಡ್ತೀನಿ ಅಂತ ಅವರಿಗೆ ಹೇಳ್ಬುಡಿ.'

ಓವರ್‌ಸಿಯರಪ್ಪ ಎರಡು ಮಾರು ದೂರದಲ್ಲೇ ಇದ್ದರು. 'ಒಬ್ರೋ, ಇಬ್ರೋ ಅಂತ ಕೇಳಿ ಮೇಷ್ಟ್ರೆ.'

ಅಳಿಯ ಕಾಲು ತೊಳೆಯಲು ಹೋದ. ಬಾಗಿಲ ಹಿಂದೆ ಬಳೆ ಸದ್ದಾಯಿತು. ಹಾಗೇ ನಿಂತೂಹೋಯಿತು.

ಮರುದಿನ ಬೆಳಗ್ಗೆ ಎಣ್ಣೆ ನೀರಾಯಿತು. ಅಳಿಯನನ್ನು ಮಣೆಯ ಮೇಲೆ ಕೂರಿಸಿ ಆರತಿ ಮಾಡಿ, ಓವರ್‌ಸಿಯರಮ್ಮ ತಟ್ಟೆ ತಂದಿಟ್ಟರು. ವೀಳ್ಯದೆಲೆ, ಪಂಚೆ, ಪಂಚೆಯ ಮೇಲೆ ಅರಿಶಿನ ಕುಂಕುಮ ಇಟ್ಟ ರೀಲು. ಕಿಟಕಿಯ ಬಿಸಿಲು ಬಿದ್ದು ಅದು ಇಡೀ ನಡುಮನೆಗೇ ಹೊಳೆಯಿತು.

ಓವರ್‌ಸಿಯರಪ್ಪನ ಮುಖ ನೋಡಲಾಗಲಿಲ್ಲ. ಕೂಗಾಡುವ ಮನುಷ್ಯ. ಬಾಯಿ ತೆರೆದರು. ನಾನು ಯುಗಾದಿಯೇ ಮತ್ತೆ ಬಂತೆಂದುಕೊಂಡೆ. ಓವರ್‌ಸಿಯರಮ್ಮ ಸೆರಗಿನ ತುದಿ ಹಿಡಿದು ಅವರನ್ನೇ ನೋಡುತ್ತ ನಿಂತಿದ್ದರು, ಮಗಳು ಅಡುಗೆಮನೆಯ ಬಾಗಿಲಲ್ಲಿ. ಅವರು ಮಗಳನ್ನು ನೋಡಿದರು. ಬಾಯಿ ಮುಚ್ಚಿದರು. ಎರಡು ಕೈಗಳನ್ನೂ ತೊಡೆಯ ಕೆಳಗೆ ತೂರಿಸಿಕೊಂಡು, ಅವುಗಳ ಮೇಲೆ ಕೂತೇಬಿಟ್ಟರು.

ಅಳಿಯ ರೀಲನ್ನು ಎತ್ತಿಕೊಂಡ. ಅತ್ತ ಇತ್ತ ತಿರುಗಿಸಿದ. ಅದರಲ್ಲಿ ತನ್ನ ಮುಖ ಕಂಡು ಮೀಸೆ ಸರಿಮಾಡಿಕೊಂಡ.

'ಬಂಗಾರಂ ಮಾದಿರಿ ಐತೆ! ಮೇಷ್ಟ್ರೆ, ಇದನ್ನ ಹಿಡ್ಕೊಂಡು ಕೆರೆಗೆ ಹೋದ್ರೆ ಮೀನು ಬತ್ತವಾ, ಕಳ್ಳರು ಬತ್ತಾರಾ, ಅವರನ್ನ ಕೇಳಿ.'

ಮೊದಲು ನಕ್ಕವಳು ಮಗಳು. ಆ ನಗು ಕೇಳಿ ಅಳಿಯ ತಲೆಯೆತ್ತಿ ಅತ್ತ ನೋಡಿದ, ಬಂದಮೇಲೆ ಮೊದಲ ಸಲ.

'ಮೀನು ಬರಾಕಿಲ್ಲ ಅಂತ ಹೇಳಿ ಮೇಷ್ಟ್ರೆ' ಎಂದರು ಓವರ್‌ಸಿಯರಪ್ಪ. 'ಮತ್ತೆ ಕಪ್ಪು ಬಳೀಬೇಕು.'

'ಅದಕ್ಕೆ ಎಷ್ಟೊತ್ತಾಯ್ತದಂತೆ?'

'ಒಂದು ಕೈ ಬಳಿದ್ರೆ ಒಣಗಾಕೆ ದಿವ್ಸಗಳೇ ಬೇಕು. ಅಂಥವು ಮೂರು ಕೈ...' ಅಲ್ಲಿಗೆ ನನ್ನನ್ನು ಬಿಟ್ಟು ಅವನ ಕಡೆಗೇ ತಿರುಗಿದರು. 'ಆತುರ ಮಾಡಿದ್ರೆ ಎದ್ದು ಬತ್ತದೆ ಕಣಪ್ಪ. ಇದ್ದು ಬಳ್ಕೊಂಡು ಹೋಗು. ಕುಂಚ ನೀನೇ ಹಿಡಿ.'

ಅಳಿಯ ರೀಲನ್ನು ಮೆಲ್ಲಗೆ ತಟ್ಟೆಗೆ ಇಳಿಸಿದ. ಆಮೇಲೆ, 'ಸರೆ ಮಾವ' ಎಂದ.

ಅವನು ಬಣ್ಣ ಬಳಿದ ಚೆಂದವನ್ನು ಏನೆಂದು ಹೇಳಲಿ! ಗೋಡೆಗೆ ಸುಣ್ಣ ಹೊಡೆದ ಹಾಗೆ. ಅಂಚಿನಲ್ಲಿ ಬಣ್ಣ ಹನಿಗಟ್ಟಿ ನಿಂತಿತು, ಕುಂಚದ ಕೂದಲು ಅದರಲ್ಲೇ ಸಿಕ್ಕಿಕೊಂಡಿತು. ಓವರ್‌ಸಿಯರಪ್ಪ ಪಕ್ಕದಲ್ಲಿ ಕೂತು ನೋಡಿದರು. ಹಣೆಯ ನರ ಉಬ್ಬುತ್ತಿತ್ತು. ಒಂದು ಮಾತೂ ಆಡಲಿಲ್ಲ, ಒಂದು ಸಲವೂ ಕೈ ಚಾಚಲಿಲ್ಲ. ತಮ್ಮ ಪಾಲಿನ ರೀಲನ್ನೂ ತೆಗೆದು, 'ಇದ್ಕೂ ನೀನೇ ಒಂದ್ ಕೈ ಬಳಿ' ಎಂದು ಅವನ ಮುಂದೆ ಸರಿಸಿದರು. ಒಂದೊಂದು ಕೈ ಒಣಗುವಷ್ಟರಲ್ಲಿ ಅಳಿಯ ಮಾವ ಬರಿ ಬಿದಿರು ಕೋಲು ಹಿಡಿದು ಕೆರೆಗೆ ಹೋಗಿಬರುವುದು ರೂಢಿಯಾಯಿತು. ಮಗಳು ಹೊತ್ತು ನೋಡದೆ ಬಾವಿಗೆ ಹೋಗತೊಡಗಿದಳು. ಅವಳು ಟ್ರಂಕಿಗೆ ಸೀರೆ ಮಡಿಸಿ ಇಡುತ್ತಿದ್ದುದನ್ನು ಓವರ್‌ಸಿಯರಮ್ಮ ನನಗೆ ಕಣ್ಣಲ್ಲೇ ತೋರಿಸಿದರು.

ಹೊರಡುವ ದಿನ ಗಂಡ ಹೆಂಡತಿ ಬಸ್ಸಿನಲ್ಲಿ ಒತ್ತಾಗಿ ಕೂತರು. ರೀಲು ಹೊಸ ಪಂಚೆಯಲ್ಲಿ ಸುತ್ತಿಕೊಂಡು ಅವಳ ಮಡಿಲಲ್ಲಿತ್ತು. ಬಸ್ಸು ಹೊಗೆಯುಗುಳುತ್ತ ತಿರುವು ದಾಟುವವರೆಗೂ ಓವರ್‌ಸಿಯರಪ್ಪ ಕೈ ಬೀಸುತ್ತಲೇ ಇದ್ದರು. ಅದು ಮರೆಯಾದದ್ದೇ ತಡ, ನನ್ನ ರಟ್ಟೆ ಹಿಡಿದುಕೊಂಡರು.

'ನೋಡಿದ್ರಾ ಮೇಷ್ಟ್ರೆ! ಥೂ, ಅಂಥಾ ರೀಲಿಗೆ ಎಂಥಾ ಗತಿ ತಂದ್ಬುಟ್ಟ! ಎಮ್ಮೆ ಬಾಲದಾಗೆ ಬಳ್ದಂಗೆ!' ಎಂದವರು ಮನೆ ಮುಟ್ಟುವವರೆಗೂ ಬೈದರು. ಬೈಯುತ್ತಲೇ ಪಂಚೆಯ ತುದಿಯಿಂದ ಕಣ್ಣೊರೆಸಿಕೊಂಡರು.

ಮುಂದೆ ನನಗೆ ಬೇರೆ ಊರಿಗೆ ವರ್ಗವಾಯಿತು. ಒಂದೆರಡು ದೀಪಾವಳಿಗೆ ಹೋಗಿಬಂದೆ, ಆಮೇಲೆ ಸಂಸಾರ, ಮಕ್ಕಳು... ಓವರ್‌ಸಿಯರಪ್ಪ ತೀರಿಕೊಂಡ ಸುದ್ದಿ ನನಗೆ ತಲುಪಿದಾಗ ತಿಥಿಯೂ ಮುಗಿದಿತ್ತು. ಎಷ್ಟೋ ವರ್ಷದ ಮೇಲೆ ಅದೇ ಓಣಿಗೆ ಹೋದೆ. ಜಗಲಿಯಿದ್ದಲ್ಲಿ ಅಂಗಡಿಯ ಷಟರ್ ಇತ್ತು. ಯಾರನ್ನೂ ಕೇಳದೆ ಹಿಂದಿರುಗಿದೆ.

ಈಗ ಸಂಜೆಯಾಗಿದೆ. ಸೊಸೆ ಕಾಫಿ ಇಟ್ಟು ಹೋದಳು. ಮೊಮ್ಮಗಳ ಪೆನ್ಸಿಲ್ ತೆಗೆದುಕೊಂಡು ಅವರ ಮುಖ ಬರೆಯಲು ಕೂತಿದ್ದೇನೆ. ಆಯುಷ್ಯವೆಲ್ಲ ಮಕ್ಕಳಿಗೆ ಹೂಜಿ, ಮಾವಿನಹಣ್ಣು ಬರೆಸಿದವನು ನಾನು. ದಿನ ಬೆಳಗಾದರೆ ಕಾಣುತ್ತಿದ್ದ ಆ ಮುಖವನ್ನು ಒಂದು ಸಲವಾದರೂ ಬರೆದಿಡಬೇಕೆಂದು ಆಗ ತೋಚಿರಲಿಲ್ಲ. ಪೇಟ ಬಂತು, ಕಿವಿ ಬಂತು, ಮೀಸೆಯೂ ಹೆಚ್ಚುಕಡಿಮೆ ಬಂತು. ಕಣ್ಣು ಮಾತ್ರ ಬರುತ್ತಿಲ್ಲ... ಅಷ್ಟನ್ನು ಖಾಲಿ ಬಿಟ್ಟಿದ್ದೇನೆ.